ವಯಸ್ಸಾದವರ ತಟ್ಟೆಗೆ ಹಿಟ್ಟು, ಬೆರಕೆ ಸೊಪ್ಪು ವಾಪಸ್ ತರುವುದು ಹೇಗೆ?

ಕೋಲಾರದ ಕಡೆಯವರು, ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ಅವರು ದಿನಕ್ಕೆ ಏನೇನು ತಿನ್ನುತ್ತಾರೆ ಅಂತ ಒಮ್ಮೆ ಗಮನಿಸಿ ನೋಡಿ. ಬೆಳಿಗ್ಗೆ ಟೀಗೆ ಅದ್ದಿದ ಬನ್ನು, ಮಧ್ಯಾಹ್ನ ಮೆತ್ತಗಿನ ಬಿಳಿ ಅನ್ನಕ್ಕೆ ತಿಳಿಸಾರು, ರಾತ್ರಿ ಅದೇ ಅನ್ನ ಇಲ್ಲಾಂದ್ರೆ ಎರಡು ಇಡ್ಲಿ. "ಹಲ್ಲಿಲ್ಲ, ಅರಗಲ್ಲ, ಈ ವಯಸ್ಸಲ್ಲಿ ಯಾಕೆ ಬೇಕು" ಅನ್ನುತ್ತಾ ಹಿಟ್ಟು (ಅಂದರೆ ರಾಗಿ ಮುದ್ದೆ), ಕಾಳು, ಸೊಪ್ಪು ಎಲ್ಲ ಒಂದೊಂದಾಗಿ ಬಿಟ್ಟುಹೋಗಿರುತ್ತವೆ. ಹೊಟ್ಟೆಗೆ ಹಗುರ ಅನ್ನಿಸುವ ಈ ಊಟ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಿಗೆ ಉಪವಾಸವೇ ಸರಿ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅನ್ನುವುದು ಒಂದು ಲೆಕ್ಕ. ಎಲ್ಲ ಸೇರಿಸಿ ತೂಗಿದರೂ 200 ಗ್ರಾಂ ಆಸುಪಾಸು, ಅದರಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲೇ. ನಮಗೆ ಅರಗದ ನಾರು ಅಲ್ಲಿಗೆ ಹೋದಾಗ ಅವು ಅದನ್ನು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ನಾರು ಬರದಿದ್ದರೆ ಆ ಗೋಡೆಯ ಲೋಳೆಪದರವನ್ನೇ ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ. ಗೋಡೆ ಸಡಿಲವಾದರೆ ಒಳಗಿರಬೇಕಾದ್ದು ರಕ್ತಕ್ಕೆ ಸೋರುತ್ತದೆ, ಮೈಯಲ್ಲಿ ಸಣ್ಣಗೆ ಉರಿಯೂತ ಶುರುವಾಗುತ್ತದೆ. ವಯಸ್ಸಾದಂತೆ ಬರುವ ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಸ್ನಾಯು ಸವೆತ ಇವಕ್ಕೆಲ್ಲ ಈ ಉರಿಯೂತದ ನಂಟಿದೆ.

ಐರ್ಲೆಂಡಿನಲ್ಲಿ 178 ಹಿರಿಯರ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ತಮ್ಮ ಮನೆಯಲ್ಲೇ ಇದ್ದು ಬಗೆಬಗೆಯ ಊಟ ಮಾಡುವವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳೂ ಜಾಸ್ತಿ ಇದ್ದವು. ಆರೈಕೆ ಕೇಂದ್ರಗಳಲ್ಲಿ ದೀರ್ಘಕಾಲ ಇದ್ದವರಲ್ಲಿ ಕಡಿಮೆ, ಅವರ ನಿಶ್ಶಕ್ತಿಯೂ ಹೆಚ್ಚು. ನಿಶ್ಶಕ್ತಿಯಿಂದ ಬ್ಯಾಕ್ಟೀರಿಯಾ ಕಡಿಮೆಯಾದವೋ, ಬ್ಯಾಕ್ಟೀರಿಯಾ ಕಡಿಮೆಯಾಗಿ ನಿಶ್ಶಕ್ತಿ ಬಂತೋ ಅನ್ನುವ ಗಂಟನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಿದ್ದಾರೆ. ಆದರೆ ಊಟ ನಮ್ಮ ಕೈಯಲ್ಲೇ ಇದೆ ಅಲ್ವಾ, ಅಲ್ಲಿಂದ ಶುರು ಮಾಡೋಣ.

ಮೊದಲು ಹಿಟ್ಟು. ಹಲ್ಲಿಲ್ಲ ಅನ್ನುವ ಮಾತು ಇಲ್ಲಿ ನಡೆಯುವುದೇ ಇಲ್ಲ. ಮುದ್ದೆ ನುಂಗುವುದು, ಅಗಿಯುವುದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಆಡಿಸಿ ಹೊಟ್ಟು ಎಸೆಯಬೇಡಿ, ನಾರು ಇರುವುದೇ ಅದರಲ್ಲಿ. ಬಿಟ್ಟು ಬಹಳ ದಿನವಾಗಿದ್ದರೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಸಾಕು, ದಿನಕ್ಕೆ ಒಂದೇ ಹೊತ್ತು. ಒಂದೇ ಸಲ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸಿ "ನೋಡು, ನಾನು ಹೇಳಲಿಲ್ವಾ" ಅಂತ ಮತ್ತೆ ಬನ್ನಿಗೇ ಹೋಗುತ್ತಾರೆ. ಎರಡು ಮೂರು ವಾರ ಹಿಡಿದು ಹೆಚ್ಚಿಸಿ, ನೀರೂ ಜೊತೆಗೆ ಹೆಚ್ಚಲಿ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು: ರಾಗಿ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನುವಂತಿಲ್ಲ. ಮುದ್ದೆ ಹಾಕಿದಷ್ಟು ಅನ್ನ ಕಡಿಮೆಯಾಗಬೇಕು.

ಬೆಳಿಗ್ಗೆ ಬನ್ನಿನ ಜಾಗಕ್ಕೆ ಅಂಬಲಿ. ರಾತ್ರಿ ಮೂರು ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಗಂಟಿಲ್ಲದಂತೆ ಕದಡಿ, ಮುಚ್ಚಿ, ಒಲೆಯ ಪಕ್ಕ ಇಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಸಣ್ಣಗೆ ಹುಳಿ ವಾಸನೆ ಬರಬೇಕು, ಹಿಟ್ಟು ತಳಕ್ಕೆ ಕೂತು ಮೇಲಿನ ನೀರಿನ ಅಂಚಿಗೆ ನೊರೆ ಕಟ್ಟಿರುತ್ತದೆ. ಚಳಿಗಾಲದಲ್ಲಿ ಇದಕ್ಕೆ ಇನ್ನೂ ಹೊತ್ತು ಬೇಕು. ಒಂದೂವರೆ ಲೋಟ ನೀರಿಗೆ ಉಪ್ಪು ಹಾಕಿ ಕುದಿಯುವಾಗ ಇದನ್ನು ಹುಯ್ದು, ಕೈ ಬಿಡದೆ ತಿರುವಿ, ಹಸಿ ವಾಸನೆ ಹೋಗುವವರೆಗೆ ಬೇಯಿಸಿ. ಇಳಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಜೀರಿಗೆ ಪುಡಿ, ಕರಿಬೇವು. ಬಿಸಿಯಲ್ಲೇ ಮಜ್ಜಿಗೆ ಹಾಕಿದರೆ ಅದರಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ, ಆಗ ರುಚಿಯೊಂದೇ ಉಳಿಯುವುದು. ಇಡ್ಲಿಯ ಕಥೆಯೂ ಅಷ್ಟೇ. ಹಿಟ್ಟು ಹುಳಿ ಬಂದಿರುತ್ತದೆ ನಿಜ, ಹಬೆಯಲ್ಲಿ ಬೆಂದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ.

ಆಮೇಲೆ ಸೊಪ್ಪು. ನನ್ನ ಪ್ರಕಾರ ನಮ್ಮ ಜಿಲ್ಲೆಯ ಊಟದಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. 2018ರಲ್ಲಿ ಬಂದ ಅಮೆರಿಕನ್ ಗಟ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ನೋಡಿ: ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, ಹತ್ತೂ ಬಗೆ ತಿನ್ನದವರಿಗಿಂತ ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚು. ಮೂವತ್ತು ಅಂದರೆ ಗಾಬರಿ ಬೇಡ. ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ಒಂದು ಮಡಿಲು ಬೆರಕೆ ಸೊಪ್ಪು ತಂದರೆ ಅದರಲ್ಲೇ ಅಣ್ಣೆ, ಗೋಣಿ, ಕೀರೆ, ಹೊನಗೊನೆ, ಗಣಿಕೆ ಅಂತ ನಾಲ್ಕೈದು ಆಯಿತು. ತೊಗರಿಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಹುಣಸೆ, ಕೊತ್ತಂಬರಿ ಸೇರಿದರೆ ಒಂದೇ ಸಾರಿಗೆ ಹತ್ತು ದಾಟುತ್ತದೆ. ಸೊಪ್ಪಿನ ಗುರುತು ಗೊತ್ತಿರುವ ಅಜ್ಜಿಯರ ಜೊತೆಗೇ ಹೋಗಿ, ಕಳೆನಾಶಕ ಹೊಡೆದ ಹೊಲದ ಕಡೆ ಸುಳಿಯಬೇಡಿ. ಹಲ್ಲಿಲ್ಲದವರಿಗೆ ಬಸ್ಸಾರಿನ ಪಲ್ಯಕ್ಕಿಂತ ನುಣ್ಣಗೆ ಮಸೆದ ಮಸ್ಸೊಪ್ಪು ಒಳ್ಳೆಯದು. ಹುರಳಿ, ಅಲಸಂದೆ, ಹೆಸರುಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ಗ್ಯಾಸ್ ಕಾಟ ಕಡಿಮೆ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಮಾಡಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಸಿಪ್ಪೆಯಲ್ಲೇ ನಾರು ಜಾಸ್ತಿ ಅಂತ ಮಾತ್ರ ಹೇಳಬಲ್ಲೆ.

ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿಯೇ ತೀರ್ಮಾನಿಸಬೇಕು.

ಮಜ್ಜಿಗೆ ದಿನವೂ ಒಂದು ಲೋಟ, ಮನೆಯಲ್ಲಿ ಹೆಪ್ಪು ಹಾಕಿದ್ದು. ಮೊಸರಿನ ಬ್ಯಾಕ್ಟೀರಿಯಾದಿಂದ ಮುಪ್ಪು ಮುಂದೂಡಬಹುದು ಅಂತ ನೂರು ವರ್ಷದ ಹಿಂದೆಯೇ ಹೇಳಿದವನು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್. 1908ರಲ್ಲಿ ಅವನಿಗೆ ನೊಬೆಲ್ ಬಂದದ್ದು ಮಾತ್ರ ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕೆ. ದಿನವೂ ಹುಳಿ ಹಾಲು ಕುಡಿಯುತ್ತಿದ್ದ, 71ಕ್ಕೆ ತೀರಿಕೊಂಡ. ಅದಕ್ಕೇ ಮಜ್ಜಿಗೆ ಒಂದನ್ನೇ ನೆಚ್ಚಬೇಡಿ. ದುಬಾರಿ ಪ್ರೋಬಯಾಟಿಕ್ ಪೊಟ್ಟಣಗಳನ್ನು ಸುಮ್ನೆ ತಂದಿಡುವುದೂ ಬೇಡ, ಆ ದುಡ್ಡಿಗೆ ಸಂತೆಯಲ್ಲಿ ತಿಂಗಳ ಕಾಳು ಬರುತ್ತದೆ.

ಕೊನೆಗೆ ಮಾತ್ರೆ ಡಬ್ಬಿ ತೆಗೆದು ನೋಡಿ. ನೆಗಡಿ ಬಂದಾಗಲೆಲ್ಲ ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವ ಅಭ್ಯಾಸ ಇದ್ದರೆ ಮೊದಲು ನಿಲ್ಲಿಸಿ. ವೈರಸ್ಸಿನ ನೆಗಡಿಗೆ ಅದು ಏನೂ ಮಾಡುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ, ಅವು ಚೇತರಿಸಿಕೊಳ್ಳಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ವರ್ಷಾನುಗಟ್ಟಲೆ ನುಂಗುವ ಗ್ಯಾಸ್ ಮಾತ್ರೆಯೂ, ಅಂದರೆ ಪ್ಯಾಂಟೊಪ್ರಜೋಲ್‌ನಂಥವು, ಹೊಟ್ಟೆಯ ಆಮ್ಲ ತಗ್ಗಿಸಿ ಕರುಳಿನ ಬ್ಯಾಕ್ಟೀರಿಯಾವನ್ನು ಏರುಪೇರು ಮಾಡುತ್ತದೆ. ಅದನ್ನು ನೀವೇ ನಿಲ್ಲಿಸಬೇಡಿ, "ಇದು ಇನ್ನೂ ಬೇಕಾ?" ಅಂತ ಬರೆದುಕೊಟ್ಟವರನ್ನೇ ಕೇಳಿ. ಇನ್ನು ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇದ್ದಕ್ಕಿದ್ದಂತೆ ಶುರುವಾಗಿ ವಾರಗಟ್ಟಲೆ ಬಿಡದ ಮಲಬದ್ಧತೆ ಅಥವಾ ಭೇದಿ ಕಂಡರೆ ಅಂಬಲಿ, ಮಜ್ಜಿಗೆ ಅಂತ ಮನೆಯಲ್ಲೇ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.