ವೆಲೊಡ್ರೋಮ್ ಇಲ್ಲದ ಊರಲ್ಲಿ ಆಮ್ನಿಯಂಗೆ ತಯಾರಾದ ಬಗೆ

ಆಮ್ನಿಯಂ ಅಂದರೆ ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಒಂದೇ ದಿನ ನಾಲ್ಕು ರೇಸು. ಮೊದಲು 10 ಕಿಲೋಮೀಟರ್ ಸ್ಕ್ರ್ಯಾಚ್, ಆಮೇಲೆ 10 ಕಿಲೋಮೀಟರ್ ಟೆಂಪೊ, ಮೂರನೆಯದು ಎಲಿಮಿನೇಷನ್, ಕೊನೆಗೆ 25 ಕಿಲೋಮೀಟರ್ ಪಾಯಿಂಟ್ಸ್ ರೇಸ್. ಗಂಡಸರ ವಿಭಾಗದಲ್ಲಿ ಒಲಿಂಪಿಕ್ಸ್‌ನಿಂದ ಹಿಡಿದು ಏಷ್ಯನ್ ಚಾಂಪಿಯನ್‌ಷಿಪ್‌ವರೆಗೆ ಇದೇ ಕ್ರಮ. 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್‌ಗಳಲ್ಲಿ ಇದು ಎರಡು ದಿನದ, ಆರು ಸ್ಪರ್ಧೆಗಳ ಕೂಟವಾಗಿತ್ತು. ಅದರಲ್ಲಿ ಮೂರು ಬರೀ ಟೈಮಿಂಗ್ ಮೇಲೆ ನಿಂತಿದ್ದವು. ರಿಯೊ ಮುಗಿದ ಮೇಲೆ ಆ ಮೂರನ್ನೂ ಕೈಬಿಟ್ಟರು. ಈಗ ನಾಲ್ಕೂ ಗುಂಪಿನಲ್ಲಿ ಓಡಿಸುವ ರೇಸುಗಳೇ. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ. ಟೈಮ್ ಟ್ರಯಲ್‌ನಲ್ಲಿ ದುಬಾರಿ ಚಕ್ರ, ದುಬಾರಿ ಹೆಲ್ಮೆಟ್ ಇದ್ದವನಿಗೆ ಲಾಭ ಜಾಸ್ತಿ. ಗುಂಪಿನಲ್ಲಿ ಕಣ್ಣು, ತಾಳ್ಮೆ, ಧೈರ್ಯಕ್ಕೂ ಬೆಲೆ ಇದೆ.

ಬೆಂಗಳೂರಲ್ಲಿ ವೆಲೊಡ್ರೋಮ್, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕ್, ಇಲ್ಲ. ಹಾಗಿರುವಾಗ ಇಲ್ಲಿ ಕೂತು ಆಮ್ನಿಯಂಗೆ ಹೇಗೆ ತಯಾರಾಗೋದು ಅಂತ ಹುಡುಗರು ಕೇಳುತ್ತಾರೆ. ನಾನು ಕಂಡುಕೊಂಡ ಉತ್ತರ ಇಷ್ಟೇ: ಕಾಲು ಮತ್ತು ಉಸಿರನ್ನು ಬೆಂಗಳೂರಲ್ಲೇ ಕಟ್ಟಬಹುದು. ಕಣ್ಣು ಮತ್ತು ಕೈಯನ್ನು ಟ್ರ್ಯಾಕಿನಲ್ಲೇ ಪಳಗಿಸಬೇಕು. ಎರಡನ್ನೂ ಬೆರೆಸಲು ಹೋದರೆ ಟೈಮೂ ಹಾಳು, ಜೀವಕ್ಕೂ ಅಪಾಯ.

ಅಪಾಯ ಅಂದಿದ್ದು ಸುಮ್ನೆ ಅಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರಲ್ಲ. ಗೇರ್ ಒಂದೇ, ಅದೂ ಫಿಕ್ಸ್ಡ್. ಚಕ್ರ ತಿರುಗುತ್ತಿರುವಷ್ಟು ಹೊತ್ತು ಪೆಡಲ್ ತಿರುಗುತ್ತಲೇ ಇರುತ್ತದೆ. ಅಂಥ ಸೈಕಲ್ ಹಿಡಿದು ನಮ್ಮ ರಸ್ತೆಗೆ ಇಳಿಯಬೇಡಿ. ಬೆಳಗಿನ ಜಾವ ಐದಕ್ಕೂ ಇಲ್ಲಿ ಹಾಲಿನ ವ್ಯಾನ್ ಎದುರಾಗುತ್ತದೆ, ನಾಯಿ ಅಡ್ಡ ಬರುತ್ತದೆ. ನನ್ನ ಟ್ರ್ಯಾಕ್ ಸೈಕಲ್ ಬೆಂಗಳೂರಲ್ಲಿ ಇರುವಷ್ಟು ದಿನ ಮನೆಯ ರೋಲರ್ ಮೇಲೇ ಇರುತ್ತದೆ. ಹೊರಗಿನ ಅಭ್ಯಾಸವೆಲ್ಲ ಬ್ರೇಕ್ ಇರುವ ರೋಡ್ ಬೈಕಿನಲ್ಲಿ.

ರೋಲರ್ ಅಂದರೆ ಮೂರು ಉರುಳೆಗಳ ಚೌಕಟ್ಟು. ಅದರ ಮೇಲೆ ಸೈಕಲ್ಲನ್ನು ಯಾವುದೂ ಹಿಡಿದಿರಲ್ಲ. ಬ್ಯಾಲೆನ್ಸ್ ತಪ್ಪಿದರೆ ಪಕ್ಕಕ್ಕೆ ಜಾರುತ್ತೀರಿ, ಹಾಗಾಗಿ ಮೊದಲಿಗೆ ಬಾಗಿಲ ಚೌಕಟ್ಟಿನ ಮಧ್ಯೆ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಕೆಳಗಿನ ಮನೆಯವರ ನಿದ್ದೆಯೂ ಮುಖ್ಯ. ರೋಲರ್ ಕಾಲಿಗೆ ಕಲಿಸುವುದು ವೇಗವಾಗಿ, ನುಣುಪಾಗಿ ತುಳಿಯುವುದನ್ನು. ಲೆಕ್ಕ ನೋಡಿ: ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಹಾಕಿದರೆ ಒಂದು ಸುತ್ತು ಪೆಡಲಿಗೆ ಸೈಕಲ್ ಸುಮಾರು 7.8 ಮೀಟರ್ ಹೋಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗ ಬೇಕಾದರೆ ನಿಮಿಷಕ್ಕೆ 107 ಸುತ್ತು ತುಳಿಯಬೇಕು. ಸ್ಪ್ರಿಂಟಿನಲ್ಲಿ 60 ಮುಟ್ಟಬೇಕಾದರೆ 128. ರೋಡ್ ಬೈಕಿನಲ್ಲಿ 90ರ ಆಸುಪಾಸಿಗೆ ಒಗ್ಗಿದ ಕಾಲು 128ಕ್ಕೆ ಹೋದಾಗ ಸೊಂಟ ಸೀಟಿನ ಮೇಲೆ ಕುಪ್ಪಳಿಸುತ್ತದೆ. ಕುಪ್ಪಳಿಸುವುದು ನಿಲ್ಲುವವರೆಗೆ ರೋಲರ್ ಬಿಡಬಾರದು.

ಪಾಯಿಂಟ್ಸ್ ರೇಸಿಗೆ ಮಾತ್ರ ಬೆಂಗಳೂರಿನ ಸುತ್ತಲಿನ ರಸ್ತೆಗಳೇ ಒಳ್ಳೆಯ ಗುರು. 250 ಮೀಟರ್ ಟ್ರ್ಯಾಕಿನಲ್ಲಿ 25 ಕಿಲೋಮೀಟರ್ ಅಂದರೆ 100 ಸುತ್ತು. ಹತ್ತು ಸುತ್ತಿಗೊಂದು ಸ್ಪ್ರಿಂಟು, ಮೊದಲ ನಾಲ್ವರಿಗೆ 5, 3, 2, 1 ಅಂಕ. ಕೊನೆಯ ಸ್ಪ್ರಿಂಟಿಗೆ ಅದರ ಎರಡರಷ್ಟು. 50ರ ವೇಗದಲ್ಲಿ ಇಡೀ ರೇಸು ಅರ್ಧ ಗಂಟೆ, ಅಂದರೆ ಮೂರು ನಿಮಿಷಕ್ಕೊಂದು ಸ್ಪ್ರಿಂಟು. ಒಬ್ಬನೇ ರಸ್ತೆಯಲ್ಲಿ 50ರಲ್ಲಿ ಹೋಗುವುದು ಆಗದ ಮಾತು. ಅದಕ್ಕೆ ದೂರ ಬಿಟ್ಟು ಟೈಮ್ ಇಟ್ಟುಕೊಂಡೆ. ದೊಡ್ಡಬಳ್ಳಾಪುರ ದಾಟಿ ವಾಹನ ಕಡಿಮೆಯಾಗುವ ನೇರ ರಸ್ತೆಯಲ್ಲಿ, ಅರ್ಧ ಗಂಟೆ ಏದುಸಿರು ಬರುವಷ್ಟು ವೇಗದಲ್ಲಿ ಹೋಗುವುದು. ಪ್ರತಿ ಮೂರು ನಿಮಿಷಕ್ಕೆ ಹತ್ತು ಹನ್ನೆರಡು ಸೆಕೆಂಡ್ ಪೂರ್ತಿ ಸ್ಪ್ರಿಂಟು. ಸ್ಪ್ರಿಂಟ್ ಆದ ಮೇಲೆ ಕಾಲು ಬಿಡುವಂತಿಲ್ಲ, ಅದೇ ವೇಗಕ್ಕೆ ಮರಳಬೇಕು. ಈ ಅಭ್ಯಾಸದ ಜೀವ ಇರುವುದೇ ಆ ಮರಳುವುದರಲ್ಲಿ.

ಯಾಕೆ ಅಂದರೆ, ಗುಂಪನ್ನು ಒಂದು ಸುತ್ತು ಹಿಂದೆ ಹಾಕಿ ಮತ್ತೆ ಅದರ ಬಾಲಕ್ಕೆ ಸೇರಿದವನಿಗೆ 20 ಅಂಕ. ನಾಲ್ಕು ಸ್ಪ್ರಿಂಟ್ ಗೆದ್ದಷ್ಟು! ಸುತ್ತು ಕಳೆದುಕೊಂಡವನಿಗೆ 20 ಕಡಿತ. ಗುಂಪಿನಿಂದ ತಪ್ಪಿಸಿಕೊಳ್ಳಲು ಒಳ್ಳೆಯ ಹೊತ್ತು ಸ್ಪ್ರಿಂಟ್ ಮುಗಿದ ಮರುಕ್ಷಣ. ಅಂಕಕ್ಕೆ ಬಡಿದಾಡಿದವರೆಲ್ಲ ಆಗ ಉಸಿರು ಬಿಡುತ್ತಿರುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಮ್ಯಾಥ್ಯೂ ವಾಲ್ಸ್ ಚಿನ್ನ ಗೆದ್ದಾಗ, ನ್ಯೂಜಿಲೆಂಡಿನ ಕ್ಯಾಂಪ್‌ಬೆಲ್ ಸ್ಟುವರ್ಟ್ ಬೆಳ್ಳಿಗೆ ಏರಿದ್ದು ಕೊನೆಯ ರೇಸಿನಲ್ಲಿ ಸುತ್ತು ಗಳಿಸಿದ್ದರಿಂದಲೇ. ಮೊದಲ ಮೂರು ರೇಸುಗಳಲ್ಲಿ ಗೆದ್ದವನಿಗೆ 40, ಎರಡನೆಯವನಿಗೆ 38, ಮೂರನೆಯವನಿಗೆ 36, ಹೀಗೆ ಎರಡೆರಡು ಇಳಿಯುತ್ತದೆ. ಆ ಮೊತ್ತಕ್ಕೆ ಪಾಯಿಂಟ್ಸ್ ರೇಸಿನ ಅಂಕ ನೇರವಾಗಿ ಸೇರುತ್ತದೆ. ಹಾಗಾಗಿ ಮೊದಲ ಮೂರರಲ್ಲಿ ಯಾವುದಾದರೂ ಒಂದನ್ನು ಗೆಲ್ಲಲೇಬೇಕು ಅಂತ ಹಟ ಹಿಡಿಯುವುದಕ್ಕಿಂತ ಮೂರರಲ್ಲೂ ಆರೇಳರೊಳಗೆ ಇದ್ದು ಕೊನೆಗೆ ಕಾಲು ಉಳಿಸಿಕೊಂಡವನು ವಾಸಿ.

ಸ್ಕ್ರ್ಯಾಚ್ ಬಗ್ಗೆ ಹೇಳುವುದು ಕಡಿಮೆ, ಮೊದಲು ಗೆರೆ ದಾಟಿದವನೇ ಗೆದ್ದ. ಟೆಂಪೊದಲ್ಲಿ ಮೊದಲ ಕೆಲವು ಸುತ್ತು ಬಿಟ್ಟರೆ ಪ್ರತಿ ಸುತ್ತಿಗೂ ಮೊದಲಿಗನಿಗೆ ಒಂದು ಅಂಕ. ಸುತ್ತು ಗಳಿಸಿದರೆ ಅಲ್ಲೂ ಹೆಚ್ಚಿನ ಅಂಕ ಉಂಟು. ಒಂದೆರಡು ಅಂಕ ಸಿಕ್ಕರೂ ಪಟ್ಟಿಯಲ್ಲಿ ಎಷ್ಟೋ ಜನರ ಮೇಲೆ ಬರುತ್ತೀರಿ, ಹಲವರಿಗೆ ಸೊನ್ನೆಯೇ ಗತಿ.

ಎಲಿಮಿನೇಷನ್ ಬೇರೆಯೇ ಲೋಕ. ಎರಡು ಸುತ್ತಿಗೊಮ್ಮೆ ಕೊನೆಯವನು ಹೊರಗೆ. ತೀರ್ಪು ಕೊಡುವುದು ಹಿಂದಿನ ಚಕ್ರ ನೋಡಿ. ಇದನ್ನು ಬೆಂಗಳೂರಲ್ಲಿ ಕಲಿಯಲು ಆಗಲೇ ಇಲ್ಲ, ದೆಹಲಿಗೇ ಹೋಗಬೇಕಾಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಕಟ್ಟಿದ ಮರದ ಟ್ರ್ಯಾಕ್ ಅದು, ಚಾವಣಿ ಇದೆ, ಸುತ್ತು 250 ಮೀಟರ್. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಚಕ್ರಗಳನ್ನು ಬರ್ತ್ ಕೆಳಗೆ ಇಟ್ಟುಕೊಂಡು ಹೋಗುತ್ತಿದ್ದೆ. ತಿರುವಿನಲ್ಲಿ ಮರದ ಹಲಗೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಇಳಿಜಾರು 40 ಡಿಗ್ರಿಗೂ ಜಾಸ್ತಿ. ಅಲ್ಲಿ ಹೆದರಿ ನಿಧಾನ ಮಾಡಿದರೆ ಜಾರುತ್ತೀರಿ, ತುಳಿಯುತ್ತಲೇ ಇದ್ದರೆ ಚಕ್ರ ಅಂಟಿಕೊಂಡಿರುತ್ತದೆ.

ಅಲ್ಲಿ ನನಗೆ ಎಲಿಮಿನೇಷನ್ ಕಲಿಸಿದ್ದು ವಿಜಯಪುರದ ಒಬ್ಬ ಹಿರಿಯ ಸವಾರರು. ನಮ್ಮ ರಾಜ್ಯದ ಸೈಕ್ಲಿಂಗಿಗೆ ಆ ಜಿಲ್ಲೆ ಕೊಟ್ಟಷ್ಟು ಹುಡುಗರನ್ನು ಬೇರೆ ಯಾವ ಜಿಲ್ಲೆಯೂ ಕೊಟ್ಟಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅವರು ಹೇಳಿದ್ದು ಇಷ್ಟೇ: "ತಮ್ಮಾ, ಕೆಳಗ ಸಿಕ್ಕೊಂಡ್ರ ಮುಗೀತು. ಮ್ಯಾಲಿಂದ ಬಾ." ಕೆಳಗೆ ಕಪ್ಪು ಗೆರೆಯ ಮೇಲೆ ದಾರಿ ಹತ್ತಿರ, ಆದರೆ ಮುಂದೆ ಒಬ್ಬ, ಬಲಕ್ಕೆ ಒಬ್ಬ ಇದ್ದರೆ ಹೊರಬರಲು ಜಾಗವೇ ಇರಲ್ಲ. ಕಾಲಲ್ಲಿ ಎಷ್ಟೇ ಶಕ್ತಿ ಇದ್ದರೂ ಔಟ್. ಕಪ್ಪು ಗೆರೆಯ ಮೇಲ್ಗಡೆ ಇರುವ ಕೆಂಪು ಗೆರೆಯಿಂದ ಸ್ವಲ್ಪ ಮೇಲೆ, ಮುಂದಿನ ಐದಾರು ಜನರೊಳಗೆ ಇರಬೇಕು. ಮುಕ್ತಾಯದ ಗೆರೆ ಬರುವ ಮುಂಚಿನ ತಿರುವಿನಲ್ಲಿ ಬಲ ಭುಜದ ಮೇಲಿಂದ ಒಮ್ಮೆ ನೋಡಿ, ಯಾರು ಮೇಲಿಂದ ಇಳಿದು ಬರುತ್ತಿದ್ದಾರೆ ಅಂತ ತಿಳಿಯಬೇಕು. ಆ ನೋಟ ಒಂದು ಕ್ಷಣದ್ದು. ತಲೆ ತಿರುಗಿದರೂ ಹ್ಯಾಂಡಲ್ ತಿರುಗಬಾರದು. ಇದು ಅಭ್ಯಾಸ ಆಗಲು ನನಗೆ ತುಂಬಾ ಕಾಲ ಹಿಡಿಯಿತು.

ರೇಸುಗಳ ನಡುವಿನ ಹೊತ್ತಿನ ಬಗ್ಗೆ ನಮ್ಮಲ್ಲಿ ಯಾರೂ ಗಂಭೀರವಾಗಿ ಮಾತಾಡುವುದಿಲ್ಲ. 2022ರ ಜೂನ್‌ನಲ್ಲಿ ಏಷ್ಯನ್ ಟ್ರ್ಯಾಕ್ ಚಾಂಪಿಯನ್‌ಷಿಪ್ ಇದೇ ದೆಹಲಿಯಲ್ಲಿ ನಡೆದಾಗ ಗ್ಯಾಲರಿಯಲ್ಲಿ ಕೂತು ನಾನು ನೋಡಿದ್ದು ರೇಸಿಗಿಂತ ಟ್ರ್ಯಾಕಿನ ಮಧ್ಯದ ಅಂಗಳವನ್ನು. ಒಳ್ಳೆಯ ಸವಾರರು ರೇಸು ಮುಗಿದ ತಕ್ಷಣ ರೋಲರ್ ಮೇಲೆ ಹಗುರಾಗಿ ತುಳಿದು, ಬೆವರಿನ ಬಟ್ಟೆ ಬದಲಿಸಿ, ಏನಾದರೂ ತಿಂದು ಕೂತುಬಿಡುತ್ತಿದ್ದರು. ನಿಂತು ಹರಟೆ ಇಲ್ಲ, ಫೋನ್ ಇಲ್ಲ. ಆಮೇಲಿಂದ ನಾನೂ ಹಾಗೇ ಮಾಡುತ್ತೇನೆ. ಸ್ಕ್ರ್ಯಾಚ್ ಆದ ಮೇಲೆ ಬಾಳೆಹಣ್ಣು, ಖರ್ಜೂರ. ಎಲಿಮಿನೇಷನ್‌ಗೂ ಪಾಯಿಂಟ್ಸ್ ರೇಸಿಗೂ ನಡುವೆ ಬಿಡುವು ಸಿಕ್ಕರೆ ಉಪ್ಪು ಹಾಕಿದ ಮೆತ್ತನೆ ಅನ್ನ, ನಾಲ್ಕೇ ತುತ್ತು. ಎಣ್ಣೆ, ಖಾರ ಬೇಡವೇ ಬೇಡ.

ಬೀಳುವುದೂ ಈ ಆಟದ ಭಾಗ. 2024ರ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಬೆಂಜಮಿನ್ ಥಾಮಸ್ ಪಾಯಿಂಟ್ಸ್ ರೇಸಿನಲ್ಲಿ ಬಿದ್ದರು, ಎದ್ದು ಬಂದು ಚಿನ್ನ ಗೆದ್ದರು. ಬಿದ್ದವನಿಗೆ, ಪಂಕ್ಚರ್ ಆದವನಿಗೆ ಸುಮಾರು 1300 ಮೀಟರ್‌ನಷ್ಟು, ಅಂದರೆ 250 ಮೀಟರ್ ಟ್ರ್ಯಾಕಿನಲ್ಲಿ ಐದು ಸುತ್ತಿನಷ್ಟು ವಿನಾಯಿತಿ ಇದೆ. ಅಷ್ಟರಲ್ಲಿ ಗುಂಪಿಗೆ ಮರಳಿದರೆ ಸುತ್ತು ಹೋಗಲ್ಲ. ಇದು ಗೊತ್ತಿಲ್ಲದೆ ಗಾಬರಿಯಲ್ಲಿ ತಕ್ಷಣ ಸೈಕಲ್ ಹತ್ತುವ ಹುಡುಗರನ್ನು ನೋಡಿದ್ದೇನೆ. ಮೊದಲು ಉಸಿರು ತಗೊಳ್ಳಿ, ಚಕ್ರ ನೇರವಿದೆಯಾ ನೋಡಿ, ಹೆಲ್ಮೆಟ್ ಒಡೆದಿದ್ದರೆ ಬದಲಿಸಿ. ಐದು ಸುತ್ತು ಅಂದರೆ ಒಂದೂವರೆ ನಿಮಿಷ, ಸಾಕಷ್ಟು ಟೈಮ್ ಅದು.

ಈಗ ಶುರು ಮಾಡುವವರು ಆರು ತಿಂಗಳು ರೋಲರ್ ಮತ್ತು ರಸ್ತೆಗೆ ಕೊಡಿ. ಆಮೇಲೆ ದೆಹಲಿಯೇ ಆಗಬೇಕೆಂದಿಲ್ಲ, ಮೊದಲು ಹೈದರಾಬಾದಿಗೆ ಹೋಗಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ವೆಲೊಡ್ರೋಮ್ ನಮಗೆ ಒಂದು ರಾತ್ರಿಯ ರೈಲು ದಾರಿ. ಸವಾರಿಗೆ ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡು, ಜೊತೆಗೆ ಇಬ್ಬರನ್ನಾದರೂ ಕರೆದುಕೊಂಡು ಹೊರಡಿ. ಎಲಿಮಿನೇಷನ್ ಕಲಿಯಲು ಪಕ್ಕದಲ್ಲಿ ಇನ್ನೊಬ್ಬನ ಚಕ್ರ ಇರಲೇಬೇಕು.