ರೇಡಿಯೇಟರ್ ಕುದಿಯದಿರಲಿ: ಟ್ರೇಲ್ ಬೈಕಿಗೆ ಯಾವ ಕೂಲಂಟ್, ಹೇಗೆ ತುಂಬಿಸುವುದು?

ಸಕಲೇಶಪುರದ ಕಡೆ ಕಾಫಿ ತೋಟದ ದಾರಿ. ಮಳೆ ಬಿಟ್ಟ ಮರುದಿನ ಮೊದಲ ಗೇರಿನಲ್ಲೇ ಹಾಫ್ ಕ್ಲಚ್ ಹಿಡಿದು ಏರು ಹತ್ತುತ್ತಿದ್ದೆ. ಫ್ಯಾನ್ ಹತ್ತು ನಿಮಿಷದಿಂದ ನಿಂತೇ ಇರಲಿಲ್ಲ. ಕೊನೆಗೆ ಟ್ಯಾಂಕಿನ ಅಡಿಯಿಂದ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಭುಸ್ಸೆಂದು ಆವಿ ಎದ್ದಿತು. ಜತೆಗಿದ್ದವರೆಲ್ಲ ಹೇಳಿದ್ದು ಒಂದೇ ಮಾತು: "ಒಳ್ಳೇ ಕೂಲಂಟ್ ಹಾಕ್ಸಿ ಸಾರ್." ಕೂಲಂಟ್ ಅಂದರೆ ಎಂಜಿನ್ನಿನ ಶಾಖ ಹೊತ್ತು ರೇಡಿಯೇಟರಿಗೆ ತರುವ ದ್ರವ. ಮನೆಗೆ ಬಂದು ನೋಡಿದರೆ ರೇಡಿಯೇಟರ್‌ನ ಅರ್ಧ ಜಾಲರಿ ಕೆಮ್ಮಣ್ಣಿನಿಂದ ಮುಚ್ಚಿಹೋಗಿತ್ತು. ಅದರೊಳಗೆ ಎಂಥ ಕೂಲಂಟ್ ಹರಿದರೂ ಗಾಳಿ ಎಲ್ಲಿಂದ ಬರಬೇಕು?

ಆದ್ದರಿಂದ ಮೊದಲ ಕೆಲಸ ಮಣ್ಣು ತೆಗೆಯುವುದು. ಎಂಜಿನ್ ಆರಿದ ಮೇಲೆ ಸಾಧಾರಣ ಪೈಪಿನಲ್ಲಿ, ಹಿಂದಿನಿಂದ ಮುಂದಕ್ಕೆ ನೀರು ಬಿಡಿ. ಒಣಗಿದ ಮಣ್ಣನ್ನು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ವಾಟರ್ ವಾಷ್ ಅಂಗಡಿಯ ಪ್ರೆಶರ್ ಗನ್ ಬೇಡವೇ ಬೇಡ. ನನ್ನ ಬೈಕಿನ ಫಿನ್‌ಗಳನ್ನು (ಜಾಲರಿಯ ತೆಳು ತಗಡುಗಳನ್ನು) ಒಂದು ಅಂಗಡಿಯಲ್ಲಿ ಹೀಗೆಯೇ ಮಡಚಿಹಾಕಿದರು, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಲು ಒಂದು ಭಾನುವಾರ ಪೂರ್ತಿ ಹೋಯಿತು.

ಆಮೇಲೆ ರೇಡಿಯೇಟರ್ ಮುಚ್ಚಳ ನೋಡಿ. 1.1 ಬಾರ್ ಒತ್ತಡದ ಮುಚ್ಚಳ ಸರಿಯಾಗಿ ಕೂತಿದ್ದರೆ ಒಳಗಿನ ಬರಿ ನೀರು ಕೂಡ ಸುಮಾರು 121 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಈ ಲಾಭವೆಲ್ಲ ಹೋಯಿತು. ದುಬಾರಿ ಕೂಲಂಟ್ ಕೊಳ್ಳುವ ಮುಂಚೆ ಹೊಸ ಮುಚ್ಚಳ ಹಾಕಿ ನೋಡುವುದು ಮೇಲು.

ಇಷ್ಟಾದ ಮೇಲೂ ಕುದಿಯುತ್ತಿದ್ದರೆ ಕೂಲಂಟ್ ವಿಚಾರಕ್ಕೆ ಬನ್ನಿ. ಅಂದಹಾಗೆ, ಎಕ್ಸ್‌ಪಲ್ಸ್ 200, ಹಳೆಯ ಹಿಮಾಲಯನ್ 411 ಇರುವವರಿಗೆ ಈ ಮಾತು ಅನ್ವಯಿಸದು. ಅವು ತಣಿಯುವುದು ಗಾಳಿ, ಆಯಿಲ್‌ಗಳಿಂದ, ಕೂಲಂಟ್ ಇಲ್ಲ. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್‌ನಂಥವಕ್ಕೆ ಮುಂದೆ ಓದಿ.

ಕಂಪನಿ ತುಂಬಿಸಿ ಕೊಡುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಮಿಶ್ರಣ. ಇದಕ್ಕೆ ಪರ್ಯಾಯವಾಗಿ ಮೂರು ದಾರಿಗಳಿವೆ. ಒಂದು, ಬಟ್ಟಿ ಇಳಿಸಿದ ನೀರಿಗೆ ವಾಟರ್ ವೆಟರ್‌ನಂಥ ದ್ರವ ಬೆರೆಸುವುದು. ಶಾಖ ಹೊರುವುದರಲ್ಲಿ ನೀರನ್ನು ಮೀರಿಸಿದ್ದಿಲ್ಲ, ಆದರೆ ಇದನ್ನು ತುಂಬಿದ ಬೈಕನ್ನು ಚಳಿಗಾಲದಲ್ಲಿ ಲಡಾಖ್‌ಗೆ ಒಯ್ದರೆ ಒಳಗೇ ಹೆಪ್ಪುಗಟ್ಟುತ್ತದೆ. ಎರಡು, ಎಂಜಿನ್ ಐಸ್‌ನಂಥ ಪ್ರೊಪಿಲೀನ್ ಗ್ಲೈಕಾಲ್ ಕೂಲಂಟ್. ನೀರು ಮೊದಲೇ ಬೆರೆತಿರುತ್ತದೆ, ಡಬ್ಬಿಯಿಂದ ನೇರ ಸುರಿಯಬಹುದು, ವಿಷವೂ ಕಡಿಮೆ. ಮೂರು, ನೀರೇ ಇಲ್ಲದ ಕೂಲಂಟ್, ಇವಾನ್ಸ್‌ನದು ಇದರಲ್ಲಿ ಹೆಸರುವಾಸಿ. ಕುದಿಯುವುದು 180 ಡಿಗ್ರಿ ದಾಟಿದ ಮೇಲೆ.

180 ಅಂದ ಕೂಡಲೇ ಎಲ್ಲರ ಕಣ್ಣು ಅರಳುತ್ತದೆ. ಅಲ್ಲಿಯೇ ಒಂದು ಮೋಸವಿದೆ. ಕುದಿಯದಿರುವುದು ಬೇರೆ, ತಂಪಾಗಿರುವುದು ಬೇರೆ. ಒಂದು ಕೆಜಿ ನೀರು ಒಂದು ಡಿಗ್ರಿ ಏರುವಷ್ಟರಲ್ಲಿ 4.2 ಕಿಲೋಜೂಲ್ ಶಾಖ ಹೀರುತ್ತದೆ, ಅರ್ಧ ಗ್ಲೈಕಾಲ್ ಬೆರೆತರೆ ಸುಮಾರು 3.4, ಬರಿ ಗ್ಲೈಕಾಲ್ ಆದರೆ 2.5ರ ಆಸುಪಾಸು. ಜತೆಗೆ ಗ್ಲೈಕಾಲ್ ಮಂದ, ಪಂಪ್ ತಳ್ಳುವುದೂ ನಿಧಾನ. ಹಾಗಾಗಿ ನೀರಿಲ್ಲದ ಕೂಲಂಟ್ ತುಂಬಿದ ಎಂಜಿನ್ ಕೆಲವು ಡಿಗ್ರಿ ಹೆಚ್ಚು ಬಿಸಿಯಲ್ಲೇ ಓಡುತ್ತದೆ. ಆವಿ ಉಕ್ಕದು ನಿಜ, ಆದರೆ "ನಿಲ್ಲಿಸು" ಎಂದು ಆವಿ ಕೊಡುತ್ತಿದ್ದ ಸೂಚನೆಯೂ ಇಲ್ಲ. ಕಾಡಿನಲ್ಲಿ ಕಲ್ಲು ಬಡಿದು ಸೋರಿದರೆ ನೀರು ಸುರಿದುಕೊಂಡು ಬರಬಹುದಾದರೂ, ಮನೆಗೆ ಬಂದು ಮತ್ತೆ ಎಲ್ಲ ತೊಳೆಯಬೇಕು. ಅದರೊಳಗೆ ನೀರಿನ ಅಂಶ ಶೇ 3ನ್ನು ಮೀರುವಂತಿಲ್ಲ. ವಾರಾಂತ್ಯಕ್ಕೆ ಟ್ರೇಲ್‌ಗೆ ಹೋಗುವವರಿಗೆ ನನ್ನ ಓಟು ಎರಡನೆಯದಕ್ಕೇ.

ಅದಕ್ಕೆ ಬದಲಿಸುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಮುಖಕ್ಕೇ ಆವಿ ಹೊಡೆಯುತ್ತದೆ. ವಾಟರ್ ಪಂಪ್ ಬಳಿಯ ಡ್ರೈನ್ ಬೋಲ್ಟ್ ಬಿಚ್ಚಿ, ಅಗಲ ಬೋಗುಣಿಯಲ್ಲಿ ಹಳೆಯದನ್ನು ಹಿಡಿಯಿರಿ. ಮೀಸಲು ಡಬ್ಬಿಯನ್ನೂ ಖಾಲಿ ಮಾಡಿ, ಬಹಳ ಜನ ಇದನ್ನು ಮರೆಯುತ್ತಾರೆ. ಬೋಲ್ಟ್ ಹಾಕಿ, ಡಿಸ್ಟಿಲ್ಡ್ ವಾಟರ್ ತುಂಬಿ, ಫ್ಯಾನ್ ತಿರುಗುವ ತನಕ ಎಂಜಿನ್ ಓಡಿಸಿ. ಆಗ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ಕವಾಟ) ತೆರೆದು ಒಳಗಿನ ಮೂಲೆಯೂ ತೊಳೆಯುತ್ತದೆ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ನೀರು ಇಳಿಸಿ. ಬರುವ ನೀರು ತಿಳಿಯಾಗುವವರೆಗೆ ಹೀಗೆ ಎರಡು ಮೂರು ಸಲ ಮಾಡಿ. ಬೋರ್‌ವೆಲ್ ನೀರು ಹಾಕಬೇಡಿ. ಸೋಲಾರ್ ಹೀಟರಿನಲ್ಲಿ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. "ಬ್ಯಾಟರಿ ನೀರು" ಎಂದು ಕೇಳಿ ತಂದರೆ ಅದು ಆಸಿಡ್ ಅಲ್ಲವೆಂದು ಡಬ್ಬಿ ಓದಿ ಖಚಿತಪಡಿಸಿಕೊಳ್ಳಿ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಮುಂದಿನ ಚಕ್ರದಡಿ ಹಲಗೆಯಿಟ್ಟು ಮುಚ್ಚಳದ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ ನಿಲ್ಲಿಸಿ, ಹೊಸ ಕೂಲಂಟನ್ನು ಸಣ್ಣ ಧಾರೆಯಲ್ಲಿ ಸುರಿಯಿರಿ. ನಡುನಡುವೆ ರಬ್ಬರ್ ಹೋಸನ್ನು ಹಿಂಡಿ, ಬೈಕನ್ನು ಎಡಕ್ಕೂ ಬಲಕ್ಕೂ ವಾಲಿಸಿ, ಬಳಕ್ ಬಳಕ್ ಎಂದು ಗುಳ್ಳೆ ಬರುತ್ತವೆ. ಮುಚ್ಚಳ ತೆರೆದೇ ಎರಡು ಮೂರು ನಿಮಿಷ ಸ್ಟಾರ್ಟ್ ಮಾಡಿ, ಮಟ್ಟ ಇಳಿದಷ್ಟು ಸೇರಿಸಿ ಮುಚ್ಚಿ. ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಉಳಿದರೆ ಹೊಸ ಕೂಲಂಟಿನಲ್ಲೂ ಬೈಕ್ ಕುದಿಯುತ್ತದೆ. ಒಂದು ಸುತ್ತು ಓಡಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೆ ನೋಡಿ. ಬಣ್ಣ ಒಂದೇ ಎಂದು ಎರಡು ಕಂಪನಿಯದನ್ನು ಬೆರೆಸಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ.

ಬೋಗುಣಿಯಲ್ಲಿ ಉಳಿದ ಹಳೆಯದನ್ನು ಚರಂಡಿಗೆ ಸುರಿಯಬೇಡಿ, ಅಂಗಳದಲ್ಲಿ ಬಿಡಲೂಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿನಾಯಿ ನಾಲ್ಕು ಸಲ ನೆಕ್ಕಿದರೂ ಅದರ ಕಿಡ್ನಿ ಹೋಗಬಹುದು. ಬಿಸ್ಲೆರಿ ಬಾಟಲಿಯಲ್ಲಿ ಬೇಡ, ಕೂಲಂಟ್ ಬಂದ ಡಬ್ಬಿಯಲ್ಲೇ ತುಂಬಿ, ಮೇಲೆ ದಪ್ಪಕ್ಷರದಲ್ಲಿ ಬರೆದು ಗ್ಯಾರೇಜಿಗೆ ಕೊಟ್ಟುಬನ್ನಿ.