ದೋಣಿ ಮೀನಿನ ಹಿಂಡಿಗೆ ಬಡಿದು ನಿಂತ ಕತೆ

‘ದೋಣಿ ಮೀನಿನ ಹಿಂಡಿಗೆ ಬಡಿದು ನಿಂತಿತು. ಉಬ್ಬರ ಬರುವವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ.’

ಇದು ನಾನೇ ಬರೆದ ಸಾಲು. ಒಂದು ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್ ಅನುವಾದ ಮಾಡುತ್ತಿದ್ದೆ. ವಿಡಿಯೊ ಕೊಟ್ಟಿರಲಿಲ್ಲ, ಬರೀ ಇಂಗ್ಲಿಷ್ ಸಾಲುಗಳ ಫೈಲು. ಅದರಲ್ಲಿ ‘ಶೋಲ್’ ಅಂತ ಇತ್ತು. ಶೋಲ್ ಅಂದ್ರೆ ಮೀನಿನ ಹಿಂಡು ಅಂತ ಎಲ್ಲೋ ಓದಿದ್ದು ತಲೆಯಲ್ಲಿ ಕೂತಿತ್ತು, ಹಾಗೇ ಹಾಕಿ ಮುಂದೆ ಹೋದೆ. ಮಾರನೇ ದಿನ ತಿದ್ದುವವರು ಒಂದೇ ಪ್ರಶ್ನೆ ಕಳಿಸಿದರು: ‘ಮೀನಿಗೆ ಬಡಿದರೆ ದೋಣಿ ಯಾಕೆ ನಿಲ್ಲುತ್ತೆ? ಉಬ್ಬರಕ್ಕೆ ಯಾಕೆ ಕಾಯಬೇಕು?’ ಓದಿ ಮುಖ ಬಿಸಿಯಾಯಿತು. ದೋಣಿಯ ತಳ ಮರಳಿಗೆ ಕಚ್ಚಿಕೊಂಡಿದೆ, ನೀರು ಏರಿದ ಮೇಲೆ ತಾನಾಗಿಯೇ ಬಿಡಿಸಿಕೊಳ್ಳುತ್ತೆ. ಅಷ್ಟೇ ವಿಷಯ. ಎರಡನೇ ಸಾಲು ಉತ್ತರವನ್ನು ಕೈಗೇ ಕೊಟ್ಟಿತ್ತು, ನಾನು ನೋಡಿರಲಿಲ್ಲ.

ಆಮೇಲೆ ಕೂತು ಹುಡುಕಿದೆ. ಒಂದು ಪದಕ್ಕೆ ಎರಡು ಅರ್ಥ ಅಂದುಕೊಂಡಿದ್ದೆ. ಅಲ್ಲ, ಅವು ಎರಡು ಬೇರೆ ಬೇರೆ ಪದಗಳು, ಈಗ ಕಾಗುಣಿತ ಒಂದೇ ಆಗಿದೆ ಅಷ್ಟೆ. ನೀರು ತೆಳುವಾದ ಜಾಗ ಅನ್ನುವ ಶೋಲ್ ಹಳೆಯ ಇಂಗ್ಲಿಷಿನದು, ‘ಶ್ಯಾಲೋ’ (ಆಳವಿಲ್ಲದ) ಅನ್ನುವ ಪದದ ಹತ್ತಿರದ ನೆಂಟ. ಮೀನಿನ ಶೋಲ್‌ಗೆ ನಂಟಿರುವುದು ಡಚ್ಚಿನಲ್ಲಿ ‘ಗುಂಪು’ ಅಂತ ಇದ್ದ ಪದದ ಜೊತೆ. ಇಂಗ್ಲಿಷಿನವರು ಮೀನಿನ ಹಿಂಡಿಗೆ ‘ಸ್ಕೂಲ್’ ಅನ್ನುತ್ತಾರಲ್ಲ, ಅದೂ ಅಲ್ಲಿಂದಲೇ ಬಂದದ್ದು. ಮಕ್ಕಳು ಹೋಗುವ ಸ್ಕೂಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಗ್ರೀಕಿನಲ್ಲಿ ‘ಬಿಡುವು’ ಅಂತ ಅರ್ಥ ಇದ್ದ ಪದ. (ಬಿಡುವಿನಿಂದ ಹುಟ್ಟಿದ್ದು ಸ್ಕೂಲು ಅಂದರೆ ಯಾವ ಮಗುವೂ ನಂಬಲ್ಲ ಬಿಡಿ.)

ಈಗ ಶೋಲ್ ಕಂಡರೆ ಮೊದಲು ಅದರ ಅಕ್ಕಪಕ್ಕದ ಪದಗಳನ್ನು ನೋಡುತ್ತೇನೆ. ಬಲೆ, ಮಿಂಚು, ತಿರುಗು, ಚದುರು ಇದ್ದರೆ ಮೀನು. ತಾಗು, ಸಿಕ್ಕಿಕೊಳ್ಳು, ಉಬ್ಬರ, ನಕ್ಷೆ, ಆಳ ಇದ್ದರೆ ಮರಳು.

ಮೀನಿನ ಕಡೆ ಕನ್ನಡಕ್ಕೆ ಹೆಚ್ಚು ಕಷ್ಟವಿಲ್ಲ. ‘ಹಿಂಡು’ ಆನೆಗೂ ಆಗುತ್ತೆ, ದನಕ್ಕೂ ಆಗುತ್ತೆ, ಮೀನಿಗೂ ಚೆನ್ನಾಗಿ ಕೂರುತ್ತೆ. ಕತೆಯಲ್ಲಿ ಸ್ವಲ್ಪ ಅಬ್ಬರ ಬೇಕಿದ್ದರೆ ‘ದಂಡು’ ಹಾಕುತ್ತೇನೆ. ‘ಗುಂಪು’ ನನಗೆ ಸಪ್ಪೆ. ಕಷ್ಟ ಬರುವುದು ವಿಜ್ಞಾನದ ಬರಹದಲ್ಲಿ. ಅಲ್ಲಿ ಶೋಲ್ ಬೇರೆ, ಸ್ಕೂಲ್ ಬೇರೆ. ಮೀನುಗಳು ಜೊತೆಗಿರಬೇಕು ಅಂತಲೇ ಒಂದೆಡೆ ಸೇರಿದ್ದರೆ ಶೋಲ್, ಮುಖ ಯಾವ ಕಡೆಗಾದರೂ ಇರಲಿ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಒಟ್ಟಿಗೇ ತಿರುಗುತ್ತಾ ಈಜಿದರೆ ಸ್ಕೂಲ್. ಎರಡಕ್ಕೂ ‘ಹಿಂಡು’ ಅಂತ ಬರೆದರೆ ಲೇಖನದ ಅರ್ಧ ವಾದವೇ ಬಿದ್ದುಹೋಗುತ್ತೆ. ನಾನು ಮೊದಲನೆಯದಕ್ಕೆ ‘ಹಿಂಡು’ ಇಟ್ಟೆ, ಎರಡನೆಯದಕ್ಕೆ ‘ಸಾಲುಗೂಡಿದ ಹಿಂಡು’ ಅಂತ ಮಾಡಿದೆ. ತುಂಬಾ ಚಂದ ಏನಿಲ್ಲ, ಆದರೆ ವ್ಯತ್ಯಾಸ ಉಳಿಯಿತು.

ನೀರಿನ ಶೋಲ್ ಮಾತ್ರ ಇವತ್ತಿಗೂ ಕಾಡುತ್ತೆ. ‘ಆಳವಿಲ್ಲದ ನೀರು’ ಅಂತ ಬರೆದರೆ ಓದುವವರ ಕಣ್ಣಿಗೆ ಬರುವುದು ಮೊಣಕಾಲುದ್ದದ ನೀರು, ಪ್ಯಾಂಟ್ ಮಡಚಿ ನಡೆದು ಹೋಗುವಂಥದ್ದು. ನಾವಿಕನ ಲೆಕ್ಕ ಹಾಗಲ್ಲ. ನೀರಿನ ಕೆಳಗೆ 10 ಮೀಟರ್ ಮುಳುಗಿರುವ ಹಡಗಿಗೆ 8 ಮೀಟರ್ ನೀರು ಸಾಕಾಗಲ್ಲ. ಅಲ್ಲಿ ಮನುಷ್ಯ ಮುಳುಗಿ ಹೋಗುತ್ತಾನೆ, ಹಡಗು ಮುಳುಗದೆ ಸಿಕ್ಕಿಕೊಳ್ಳುತ್ತೆ. ಅದಕ್ಕೇ ನಾನು ನೀರನ್ನು ಬಿಟ್ಟು ತಳದ ಕಡೆಯಿಂದ ಹೇಳುತ್ತೇನೆ: ‘ನೀರಡಿಯ ಮರಳು ದಿಬ್ಬ’. ‘ನೀರಡಿಯ’ ಅನ್ನುವುದನ್ನು ಬಿಡಬಾರದು, ಯಾಕಂದ್ರೆ ಬರೀ ‘ಮರಳು ದಿಬ್ಬ’ ಅಂದರೆ ಮರುಭೂಮಿ, ಒಂಟೆ ಎಲ್ಲ ಬಂದುಬಿಡುತ್ತೆ. ಕಣ್ಣಿಗೆ ಕಾಣದೆ ಇರುವುದೇ ಅದರ ಅಪಾಯ ಅಲ್ವಾ?

ಆದರೆ ಈ ಜಾಣತನವೂ ಒಮ್ಮೆ ಕೈಕೊಟ್ಟಿತು. ದಕ್ಷಿಣ ಚೀನಾ ಸಮುದ್ರದ ಸುದ್ದಿಯೊಂದರಲ್ಲಿ ಸ್ಕಾರ್ಬರೋ ಶೋಲ್ ಬಂತು. ಹಡಗೊಂದು ಅಲ್ಲಿ ಬಡಿದು, ಆ ಹಡಗಿನ ಹೆಸರೇ ಜಾಗಕ್ಕೆ ಉಳಿದದ್ದು. ನಾನು ‘ಸ್ಕಾರ್ಬರೋ ಮರಳು ದಿಬ್ಬ’ ಅಂತ ಬರೆದು ಕಳಿಸುವುದರಲ್ಲಿದ್ದೆ. ಸುಮ್ನೆ ಒಂದು ಸಲ ಚಿತ್ರ ನೋಡೋಣ ಅಂತ ನೋಡಿದರೆ ಅಲ್ಲಿ ದಿಬ್ಬವೇ ಇಲ್ಲ. ತ್ರಿಕೋನದಂತೆ ಸುತ್ತುವರಿದ ಹವಳದ ದಂಡೆ, ಒಳಗೆ ನೀರು, ಅಲ್ಲಲ್ಲಿ ತಲೆ ಎತ್ತಿದ ಬಂಡೆ. ಹಾಗಂತ ‘ದ್ವೀಪ’ ಅನ್ನೋಣ ಅಂದರೆ ಅದು ಇನ್ನೂ ದೊಡ್ಡ ತಪ್ಪು. ಚೀನಾ ಅದನ್ನು ಕರೆಯುವುದೇ ಹುವಾಂಗ್‌ಯಾನ್ ದಾವೊ ಅಂತ, ಅದರಲ್ಲಿ ‘ದಾವೊ’ ಅಂದರೆ ದ್ವೀಪ. ಫಿಲಿಪೀನ್ಸ್ ಬಳಸುವ ಬಾಹೊ ದೆ ಮಾಸಿನ್‌ಲೋಕ್ ಸ್ಪ್ಯಾನಿಷ್ ಹೆಸರು, ಅದರಲ್ಲಿರುವ ‘ಬಾಹೊ’ ಅಂದರೆ ನಮ್ಮ ಶೋಲೇ. 1982ರ ಸಮುದ್ರ ಕಾನೂನಿನ ಪ್ರಕಾರ ಜನ ಬದುಕಬಹುದಾದ ದ್ವೀಪಕ್ಕೆ ಸುತ್ತ 200 ನಾಟಿಕಲ್ ಮೈಲಿಯ ಹಕ್ಕು ಸಿಗುತ್ತೆ, ಬರೀ ಬಂಡೆಗೆ 12 ಮಾತ್ರ. 2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದನ್ನು ಬಂಡೆ ಅಂತಲೇ ಹೇಳಿತು, ಚೀನಾ ಆ ತೀರ್ಪನ್ನು ಒಪ್ಪಲಿಲ್ಲ. ಚೀನಾ, ಫಿಲಿಪೀನ್ಸ್ ಎರಡೂ ಈ ಜಾಗ ತಮ್ಮದು ಅನ್ನುವ ಜಗಳದ ಮಧ್ಯೆ ನಾನು ಹೋಗಿ ‘ದ್ವೀಪ’ ಅಂತ ಬರೆದರೆ ಒಬ್ಬರ ಪರ ನಿಂತ ಹಾಗೆ. ಕೊನೆಗೆ ‘ಸ್ಕಾರ್ಬರೋ ಶೋಲ್’ ಅಂತಲೇ ಇಟ್ಟು, ‘ಹವಳದ ದಂಡೆ, ಬಂಡೆಗಳ ಜಾಗ’ ಅಂತ ಒಂದು ಮಾತು ಸೇರಿಸಿದೆ. ಅವತ್ತಿನಿಂದ ಹೆಸರಿನಲ್ಲಿರುವ ಶೋಲನ್ನು ಮುಟ್ಟುವುದಿಲ್ಲ.

ಇನ್ನೊಂದು ಶೋಲ್ ಕ್ರಿಯಾಪದ. ಅಲೆ ದಡದ ಹತ್ತಿರ, ನೀರು ಕಡಿಮೆ ಇರುವಲ್ಲಿಗೆ ಬಂದಾಗ ವೇಗ ಕಳೆದುಕೊಂಡು ಎತ್ತರ ಆಗುತ್ತಲ್ಲ, ಅದಕ್ಕೂ ಇದೇ ಪದ. ಸುನಾಮಿ ನಡುಸಮುದ್ರದಲ್ಲಿ ಗಂಟೆಗೆ 700 ಕಿ.ಮೀ. ಓಡಿದರೂ ಹಡಗಿನವರಿಗೆ ಗೊತ್ತೇ ಆಗದಷ್ಟು ತಗ್ಗಾಗಿರುತ್ತೆ, ದಡಕ್ಕೆ ಬಂದ ಮೇಲೆ ಗೋಡೆಯಂತೆ ಏಳುತ್ತೆ. ಇದಕ್ಕೆ ನಾಮಪದ ಕಟ್ಟಲು ಹೋಗದೆ ‘ಅಲೆ ದಡ ಹತ್ತುತ್ತಾ ಎದ್ದಿತು’ ಅಂತ ಬರೆದೆ. ರಾಶಿ ರಾಶಿ ಕಾಗದ ಬಂದವು ಅನ್ನುವುದಕ್ಕೂ ಅವರು ಶೋಲ್ ಅಂತಾರೆ. ನಮಗೆ ‘ರಾಶಿ’ ಇದೆಯಲ್ಲ, ಸಾಕು.

ಹೋದ ತಿಂಗಳು ಮತ್ತೆ ಒಂದು ಸಬ್‌ಟೈಟಲ್ ಕೆಲಸ ಬಂತು. ಒಬ್ಬ ಮೀನುಗಾರ ಹೇಳುತ್ತಾನೆ, ‘ಬೆಳಗಾಗುವ ಮೊದಲೇ ಶೋಲ್ ಸಿಕ್ಕಿತು’. ಇಂಗ್ಲಿಷಿನಲ್ಲಿ ಇದ್ದ ಕ್ರಿಯಾಪದ ಬಡಿಯುವುದಕ್ಕೂ ಆಗುತ್ತೆ, ಸಿಗುವುದಕ್ಕೂ ಆಗುತ್ತೆ. ಹಿಂದಿನ ಸಾಲು ಚಹಾದ ಬಗ್ಗೆ, ಮುಂದಿನದು ಅವನ ತಮ್ಮನ ಬಗ್ಗೆ. ನನ್ನ ಉಪಾಯ ಯಾವುದೂ ನಡೆಯಲಿಲ್ಲ. ವಿಡಿಯೊ ಕಳಿಸಿ ಅಂತ ಕೇಳಿದೆ, ಎರಡು ದಿನ ಬಿಟ್ಟು ಕಳಿಸಿದರು. ಮನುಷ್ಯ ನಗುತ್ತಿದ್ದ, ಅವನ ಮೊಣಕಾಲಿನವರೆಗೆ ಮೀನು.